ಮಿಸ್ ಕಾಲ್ ಎಣಿಸುತ್ತಿದ್ದ ಕಾಕಾ

ಕಳೆದ ವಾರ ಅಕ್ಕನ ಮಗಳಿಗೆ ಕಿವಿನೋವು. ಅವ್ವ ಸಣ್ಣ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಹಾಕಿ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಬಿಟ್ಟು, ಒಲೆಯ ಮೇಲೆ ಹಿಡಿದಿದ್ದಳು. ನಾನು ಕೆಲಸ ಮಾಡುತ್ತ ಕೂತಿದ್ದ ಪಡಸಾಲೆಗೂ ಆ ವಾಸನೆ ಬಂತು. ಟೈಪು ಮಾಡುತ್ತಿದ್ದ ಕೈ ಅಲ್ಲೇ ನಿಂತಿತು. ಬೇರೆಯವರಿಗೆ ಅದು ಅಡುಗೆಮನೆಯ ವಾಸನೆ ಇರಬಹುದು. ನನಗೆ ಅದು ಬನಹಟ್ಟಿಯ ಒಂದು ಸೀರೆ ಅಂಗಡಿಯ ಟೆಲಿಫೋನಿನ ವಾಸನೆ.

ಆ ಫೋನಿನ ಮುಂದೆ ಕೂರುತ್ತಿದ್ದವರನ್ನು ಎಲ್ಲರೂ ಫೋನ್ ಕಾಕಾ ಎನ್ನುತ್ತಿದ್ದರು. ನನಗೂ ಅವರು ಕಾಕಾ, ಅಂಗಡಿಯ ಸಾವಕಾರರಿಗೂ ಕಾಕಾ. ಜಮಖಂಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಒಮ್ಮೆ ನೋಡಿದ ನಂಬರನ್ನು ಮರೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡೇ ಬರುತ್ತಿದ್ದರು. ಅವರು ಹಿಡಿಯುತ್ತಿದ್ದ ರಿಸೀವರಿಗೂ ಅದೇ ವಾಸನೆ. ಯಾರಾದರೂ ಕೇಳಿದರೆ, “ಥಂಡಿಗೆ ಛಲೋ” ಎಂದು ಮಾತು ಮುಗಿಸುತ್ತಿದ್ದರು.

ಆಗ ನಾನು ಎಂ.ಸಿ.ಎ. ಮುಗಿಸಿ ರಬಕವಿಯ ಮನೆಯಲ್ಲಿ ಆರು ತಿಂಗಳಿನಿಂದ ಕೂತಿದ್ದೆ. ಸಾವಕಾರರು ಅಪ್ಪನ ಪರಿಚಯದವರು. ಸುತ್ತಲಿನ ನಲವತ್ತು ಮನೆಗಳ ಕೈಮಗ್ಗಕ್ಕೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ವ್ಯಾಪಾರ ಅವರದು. ಇದ್ದದ್ದು ಒಂದೇ ಫೋನ್ ನಂಬರು. ಅಂಗಡಿ ಒಂದು ಕಡೆ, ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆ ಒಂದು ಕಡೆ, ಗೋದಾಮು ಇನ್ನೊಂದು ಕಡೆ. ಯಾರಿಗಾದರೂ ಫೋನ್ ಬಂದರೆ ಕರೆದುಕೊಂಡು ಬರಲು ಒಬ್ಬರು ಓಡಬೇಕು.

“ಸೊಲ್ಲಾಪುರದ ವ್ಯಾಪಾರಿಗೋಳಿಗೆ ಫೋನ್ ಹಚ್ಚಿದ್ರ ‘ಒಂದು ಒತ್ತಿ, ಎರಡು ಒತ್ತಿ’ ಅಂತೈತಿ. ನಮ್ಮದೂ ಹಂಗ ಆಗಬೇಕು ನೋಡವ್ವ,” ಎಂದರು ಸಾವಕಾರರು. “ತಿಂಗಳಾ ತಿಂಗಳಾ ಬಾಡಿಗಿ ಕಟ್ಟೂದು ಮಾತ್ರ ಬ್ಯಾಡ.”

ಯಾರು ಬೇಕಾದರೂ ಇಳಿಸಿಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದ ಫೋನ್ ತಂತ್ರಾಂಶವೊಂದನ್ನು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಬಳಸಿ ನೋಡಿದ್ದೆ. ಒಂದು ಹಳೆಯ ಕಂಪ್ಯೂಟರು, ಇಂಟರ್ನೆಟ್ಟಿನ ಫೈಬರ್ ಲೈನು, ಕೋಣೆಗೊಂದು ಫೋನು ಇದ್ದರೆ ಸಾಕು ಎಂದೆ. ನನ್ನ ಮೊದಲ ಕೆಲಸ. ಸಾವಕಾರರು ಖುಷಿಯಿಂದ ಒಪ್ಪಿ, ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಮಾತು ಸೇರಿಸಿದರು: “ಇದಾತಂದ್ರ ನಮ್ಮ ಕಾಕಾನೂ ಇನ್ನ ಮನ್ಯಾಗ ಆರಾಮ ಕುಂಡ್ರಬಹುದು. ವಯಸ್ಸಾತು.”

ಕಾಕಾ ಅಲ್ಲೇ ಮೇಜಿನ ಮುಂದೆ ಇದ್ದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು...

ಫೋನ್ ಎತ್ತಿದಾಗ ಕೇಳುವ ದನಿ ಹೆಣ್ಣುಮಗಳದೇ ಆಗಿರಬೇಕೆಂದು ಸಾವಕಾರರು ಹಟ ಹಿಡಿದದ್ದರಿಂದ ಅದನ್ನು ನಾನೇ ರೆಕಾರ್ಡ್ ಮಾಡಬೇಕಾಯಿತು. ಅಪರಿಚಿತರ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಆಗಲೂ ಆಗದು, ಈಗಲೂ ಆಗದು. ಗೋದಾಮಿನಲ್ಲಿ ಸೀರೆಯ ಗಂಟುಗಳ ನಡುವೆ ಬಾಗಿಲು ಹಾಕಿಕೊಂಡು ಹದಿನೇಳು ಸಲ ಓದಿದೆ.

ವೈರು ಎಳೆದು ಮುಗಿದ ಮೇಲೆ ಗೋದಾಮಿನಿಂದ ಒಂದೊಂದೇ ಕೋಣೆಗೆ ಫೋನ್ ಮಾಡಿ ಪರೀಕ್ಷಿಸಿದೆ. ಮೊದಲು ಕಾಕಾ.

“ಕಾಕಾ, ಕೇಳಸ್ತೈತೇನ್ರಿ?”

“ಹಾಂ, ಭಾಳ ಛಲೋ ಕೇಳಸ್ತೈತಿ ತಂಗಿ. ಎದುರಿಗಿ ಕುಂತು ಮಾತಾಡಿಧಂಗ ಐತಿ.”

ಸಮಾಧಾನವಾಯಿತು. ಬಣ್ಣದ ಮನೆಗೆ ಮಾಡಿದೆ. ಅಲ್ಲಿಯವರು, “ಹಲೋ... ಹಲೋ... ಏನೂ ಕೇಳಸವಲ್ದಲ್ಲವಾ,” ಎಂದು ಕೂಗಿ ಇಟ್ಟುಬಿಟ್ಟರು. ಅಂಗಡಿಯಲ್ಲಿ ಹಣ ಎಣಿಸುವ ಗಲ್ಲೆಯ ಬಳಿಯ ಫೋನಿಗೆ ಮಾಡಿದೆ, ಅಲ್ಲೂ ಅದೇ. ಇಂಟರ್ನೆಟ್ ಫೋನಿಗೆ ಸಾಮಾನ್ಯವಾಗಿ ಬರುವ ಕಾಯಿಲೆ ಅದು: ದನಿ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಅವರದು ನನಗೆ ಬರುತ್ತಿತ್ತು, ನನ್ನದು ಯಾರಿಗೂ ಹೋಗುತ್ತಲೇ ಇರಲಿಲ್ಲ. ಅರ್ಧ ಗಂಟೆ ಹುಡುಕಿ ತಂತ್ರಾಂಶದಲ್ಲಿ ಎರಡು ಸಾಲು ತಿದ್ದಿದೆ, ಸರಿಹೋಯಿತು. ಆಮೇಲೆ ನೀರು ಕುಡಿಯುತ್ತ ಕೂತಾಗ ಹೊಳೆಯಿತು. ನನ್ನ ದನಿ ಯಾರಿಗೂ ಹೋಗಿರದಿದ್ದರೆ, ಕಾಕಾ ಏನು ಕೇಳಿಸಿಕೊಂಡರು?

ಎದ್ದು ಹೋಗಿ ಕೇಳುವ ಸ್ವಭಾವ ನನ್ನದಲ್ಲ. ದೂರದಿಂದ ಗಮನಿಸಿದೆ. ಫೋನ್ ಬಂದರೆ ಕಾಕಾ ಹಳೆಯ ಫೋನಿನ ಪುಟ್ಟ ಪರದೆಯ ಮೇಲೆ ಮೂಡುವ ನಂಬರು ನೋಡುತ್ತಿದ್ದರು. ವ್ಯಾಪಾರಿಯದಾದರೆ ಎತ್ತಿ, “ನಮಸ್ಕಾರ್ರಿ, ತಡೀರಿ, ಸಾವಕಾರ್ರಿಗೆ ಕೊಡ್ತೇನಿ,” ಎಂದು ಒಂದೇ ಉಸಿರಿನಲ್ಲಿ ಹೇಳಿ ದಾಟಿಸಿಬಿಡುತ್ತಿದ್ದರು. ಎದುರಿನವರ ಮಾತಿಗೆ ಕಾಯುತ್ತಿರಲಿಲ್ಲ. ಮುಖಾಮುಖಿ ಮಾತಿನಲ್ಲಿ ತುಟಿ ನೋಡಿ ಉತ್ತರ ಕೊಡುತ್ತಿದ್ದರು, ಯಾರಿಗೂ ಅನುಮಾನ ಬರುವಂತಿರಲಿಲ್ಲ. ಬನಹಟ್ಟಿಯಲ್ಲಿ ಓಣಿ ಓಣಿಗೂ ಪವರ್‌ಲೂಮಿನ ಸದ್ದು. ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಎಲ್ಲರೂ ಎರಡೆರಡು ಸಲ ಹೇಳುತ್ತಾರೆ. ಫೋನಿನಲ್ಲಿ ಮಾತ್ರ ತುಟಿ ಕಾಣುವುದಿಲ್ಲ. ನಾನು ಕಟ್ಟುತ್ತಿದ್ದ ವ್ಯವಸ್ಥೆ ಅವರನ್ನು ಮನೆಗೆ ಕಳಿಸುವುದಕ್ಕೆ ಎಲ್ಲರಿಗೂ ಒಂದು ನೆಪ. ಈ ಸಂಗತಿ ಹೊರಬಿದ್ದರೆ ನೆಪವೂ ಬೇಕಾಗಿರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಹೊಸ ಫೋನ್ ಚಾಲೂ ಮಾಡಿದೆವು. ಕರೆ ಬಂದ ಕೂಡಲೇ, ಮೊದಲ ರಿಂಗಿಗೇ, ಕಂಪ್ಯೂಟರು ಎತ್ತಿ ನನ್ನ ದನಿ ಕೇಳಿಸುತ್ತಿತ್ತು. ಮೂರು ದಿನ ಕಳೆದರೂ ‘ತಪ್ಪಿದ ಕರೆಗಳು’ ಎಂಬ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಸೊನ್ನೆ. ನಾನದನ್ನು ಹೆಮ್ಮೆಯಿಂದ ಸಾವಕಾರರಿಗೆ ತೋರಿಸಿದೆ. ಕಾಕಾ ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು. “ನೇಕಾರ್ರು ಒಬ್ಬರೂ ಮಿಸ್ ಕಾಲ್ ಕೊಟ್ಟಿಲ್ಲೇನು ತಂಗಿ?” ಎಂದರು. “ಇನ್ನ ಮಿಸ್ ಆಗೂದೇ ಇಲ್ರಿ,” ಎಂದು ನಾನು ಗಟ್ಟಿಯಾಗಿ, ಅವರ ಮುಖ ನೋಡಿ ಹೇಳಿದೆ. ಅವರ ಮುಖ ಯಾಕೆ ಬಾಡಿತೋ ಆಗ ಅರ್ಥವಾಗಲಿಲ್ಲ.

ನಾಲ್ಕನೆಯ ದಿನ ತೇರದಾಳದಿಂದ ಒಬ್ಬ ಆಯಿ ಬಸ್ಸು ಹಿಡಿದು ಬಂದಳು. ಸಾವಕಾರರಿಗೆ ಸೀರೆ ನೇಯುತ್ತಿದ್ದ ಹಿರಿಯಳು. ಚಪ್ಪಲಿ ಬಿಡುವ ಮೊದಲೇ ಬಾಯಿ ಶುರುವಾಯಿತು.

“ಮೂರು ದಿನಾ ಆತು ನನ್ನ ಮಗ್ಗ ನಿಂತು! ಹಾಸು ಕಳಸ್ರಿ ಅಂತ ಫೋನ್ ಹಚ್ಚಿದ್ರ ಯಾವಕಿನೋ ಒಬ್ಬಾಕಿ ‘ಒಂದು ಒತ್ತಿ, ಎರಡು ಒತ್ತಿ’ ಅಂತಾಳ. ಕೈಯಾಗ ಲಾಳಿ ಹಿಡಕೊಂಡು ಏನ ಒತ್ಲಿ? ಅದರಾಗ ಆಕಿ ದನಿಯರ ಹೆಂಗೈತಿ ಅಂತೀರಿ! ಸಾಲ್ಯಾಗ ಮಾಸ್ತರ ಬೈದು ನಿಲ್ಲಿಸಿಧಂಗ!”

ಗಲ್ಲೆಯ ಬಳಿ ಇದ್ದವರೆಲ್ಲ ನನ್ನ ಕಡೆ ನೋಡಿ ನಕ್ಕರು. ಆಯಿಗೆ ಗೊತ್ತಾಗಿ, “ನೀನೇನ ಅದು? ಹೋಗ್ಲಿ ಬಿಡು, ನೋಡಾಕ ಛಲೋ ಅದಿ,” ಎಂದಳು.

ಆಗ ತಿಳಿಯಿತು. ನೇಕಾರರು ಅಂಗಡಿಗೆ ಮಾತಾಡಲು ಫೋನ್ ಮಾಡುತ್ತಲೇ ಇರಲಿಲ್ಲ. ಒಂದು ಮಿಸ್ ಕಾಲ್ ಎಂದರೆ ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ಮುಗಿಯುತ್ತ ಬಂದಿದೆ. ಬೆನ್ನಿಗೆ ಬೆನ್ನಿಗೆ ಎರಡಾದರೆ ಸೀರೆ ತಯಾರಿದೆ, ಒಯ್ಯಿರಿ. ಮೂರಾದರೆ ಮಗ್ಗ ನಿಂತಿದೆ. ಕಾಕಾ ನಂಬರು ನೋಡಿ, ಎಣಿಸಿ, ಹಾಸು ಕಟ್ಟಿಸಿ ಟಂಟಂ ಆಟೋದಲ್ಲಿ ಕಳಿಸಿಬಿಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಮೊದಲ ರಿಂಗಿಗೇ ಎತ್ತುವ ನನ್ನ ಯಂತ್ರ ಯಾರ ಕರೆಯನ್ನೂ ತಪ್ಪಲು ಬಿಟ್ಟಿರಲಿಲ್ಲ. ನಾನು ತೋರಿಸಿದ ಸೊನ್ನೆಯಲ್ಲಿ ಹನ್ನೆರಡು ಮಗ್ಗ ನಿಂತಿದ್ದವು.

“ತಪ್ಪು ನಂದು,” ಎಂದರು ಕಾಕಾ, ಸಾವಕಾರರ ಮುಖವನ್ನೇ ನೋಡುತ್ತ. “ಈ ತಂಗಿಗೆ ಮೊದಲ ಹೇಳಬೇಕಾಗಿತ್ತು.”

“ತಪ್ಪ ಯಾರದರ ಇರ್ಲಿ,” ಎಂದರು ಸಾವಕಾರರು. “ಈಗ ಫೋನ್ ಪುಕ್ಕಟ ಐತಿ. ಇನ್ನೂ ಯಾಕ ಮಿಸ್ ಕಾಲ್ ಕೊಡ್ತೀರಿ ಆಯೀ? ಬಾಯಿ ಬಿಟ್ಟು ಮಾತಾಡ್ರಲ್ಲ.”

ಆಯಿ ಕಾಕಾನ ಕಡೆ ಒಮ್ಮೆ ನೋಡಿದಳು. “ರೂಢಿ ಬಿದ್ದೈತ್ರಿ,” ಎಂದಳು.

“ರೂಢಿ ಬಿಡ್ರಿ. ತಂಗಿ, ನೇಕಾರ್ರ ಫೋನ್ ಎಲ್ಲಾ ನೇರ ಕಾಕಾನ ಮೇಜಿಗೆ ಬರೂಹಂಗ ಮಾಡು. ಅಂವ ಎತ್ತಿ ಮಾತಾಡ್ಲಿ, ತಾಪತ್ರಯನ ಇಲ್ಲ.”

ಕಾಕಾನ ಕೈ ಮೇಜಿನ ಅಂಚನ್ನು ಹಿಡಿಯಿತು. ಆ ಕೈ ನನಗೆ ಇವತ್ತಿಗೂ ಕಾಣುತ್ತದೆ. ಹಾಗೆ ಮಾಡುವುದು ನನಗೆ ಐದು ನಿಮಿಷದ ಕೆಲಸ. ಆದರೆ ಕಾಕಾನ ಕಿವಿಯ ಸಂಗತಿ ಒಂದು ದಿನದೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು.

“ಬ್ಯಾಡ್ರಿ,” ಎಂದೆ. ಎಲ್ಲರೂ ತಿರುಗಿದರು. ನನ್ನ ದನಿ ಆಯಿ ಹೇಳಿದಂತೆಯೇ ಇತ್ತು. “ಮಾತಾಡಿದ್ದು ಮರ್ತ ಹೋಗ್ತೈತ್ರಿ. ಮಿಸ್ ಕಾಲ್ ಆದ್ರ ಕಂಪ್ಯೂಟರಿನ್ಯಾಗ ಉಳೀತೈತಿ. ಯಾರು ಕೊಟ್ರು, ಎಷ್ಟು ಕೊಟ್ರು, ಎಲ್ಲಾ ಪರದೆ ಮ್ಯಾಲ ಬರೂಹಂಗ ನಾ ಮಾಡಿಕೊಡ್ತೇನ್ರಿ. ಎರಡು ದಿನಾ ಕೊಡ್ರಿ.”

ಸಾವಕಾರರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. “ಹದಿನೈದು ದಿನದಾಗ ಇಷ್ಟ ಮಾತಾಡಿದ್ದು ಇದ ಮೊದಲ. ಆತು, ಮಾಡು.”

ಎರಡು ದಿನ ಕಾಕಾನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವರು ನಲವತ್ತು ನಂಬರನ್ನೂ ಬಾಯಿಪಾಠ ಹೇಳಿದರು, ನಾನು ಬರೆದುಕೊಂಡೆ. ಆ ನಂಬರುಗಳಿಂದ ಕರೆ ಬಂದರೆ ಕಂಪ್ಯೂಟರು ಎತ್ತಬಾರದು, ಸುಮ್ಮನೆ ರಿಂಗ್ ಆಗಲು ಬಿಡಬೇಕು. ಐದು ನಿಮಿಷದೊಳಗೆ ಎಷ್ಟು ಸಲ ಬಂತೆಂದು ಎಣಿಸಿ, ಹೆಸರಿನ ಮುಂದೆ ದೊಡ್ಡ ಅಂಕಿಯಲ್ಲಿ ತೋರಿಸಬೇಕು. ಪೆಟ್ಟಿಗೆಯಲ್ಲಿ ಮುಚ್ಚಿ ಮಾರುವ ಯಂತ್ರವಾಗಿದ್ದರೆ ಇದು ಆಗುತ್ತಿರಲಿಲ್ಲ. ಇದರ ಒಳಗು ತೆರೆದಿತ್ತು, ಕೈ ಹಾಕಿ ತಿದ್ದಬಹುದಿತ್ತು. ಎರಡನೆಯ ದಿನ ಮಧ್ಯಾಹ್ನ ತೇರದಾಳದ ಆಯಿಯ ಹೆಸರು ಪರದೆಯ ಮೇಲೆ ಮೂಡಿತು, ಮುಂದೆ ಎರಡು. ಅರ್ಧ ಗಂಟೆಯಲ್ಲಿ ಟಂಟಂ ಸೀರೆ ತರಲು ಹೊರಟಿತು.

ಎಲ್ಲರೂ ಊಟಕ್ಕೆ ಹೋದಾಗ ಕಾಕಾ ನನ್ನ ಕಡೆ ತಿರುಗಿದರು. “ನಿನಗ ಯಾವಾಗ ಗೊತ್ತಾತು?”

ಗೋದಾಮಿನಿಂದ ಮಾಡಿದ ಫೋನಿನ ಸಂಗತಿ ಹೇಳಿದೆ. ಆವತ್ತು ನನ್ನ ದನಿ ಯಾರಿಗೂ ಹೋಗಿರಲಿಲ್ಲ ಎಂದೆ.

“ಯಾರಿಗೂ?”

“ಯಾರಿಗೂ ಇಲ್ರಿ. ನಿಮಗೊಬ್ಬರಿಗೇ ಭಾಳ ಛಲೋ ಕೇಳಿತ್ತು.”

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಅಂಗಿಯ ಕಿಸೆಯಿಂದ ಸಣ್ಣ ಡಬ್ಬಿ ತೆಗೆದು ತೋರಿಸಿದರು. ಕಿವಿಗೆ ಹಾಕುವ ಯಂತ್ರ, ಹೊಸದಾಗಿಯೇ ಇತ್ತು. “ಮಗಳು ಕೊಡಿಸ್ಯಾಳ. ಹಾಕ್ಕೊಂಡ್ರ ಎಲ್ಲಾರಿಗೂ ಕಾಣ್ತೈತಿ.” ಡಬ್ಬಿ ಮತ್ತೆ ಕಿಸೆಗೆ ಹೋಯಿತು. “ಮನ್ಯಾಗ ಕುಂತ್ರ ನಾ ಕಿವುಡ ಮುದುಕ ತಂಗಿ. ಇಲ್ಲಿ ಕುಂತ್ರ ಫೋನ್ ಕಾಕಾ.”

ಆ ಮಾತನ್ನು ನಾನು ಎಲ್ಲಿಯೂ ಎತ್ತಲಿಲ್ಲ. ಕಾಕಾ ಮತ್ತೆ ಐದು ವರ್ಷ ಆ ಮೇಜಿನ ಮುಂದೆ ಕೂತರು. ಅವರನ್ನು ಮನೆಗೆ ಕಳಿಸುವ ಮಾತನ್ನು ಸಾವಕಾರರು ತಾವಾಗಿಯೇ ಮರೆತರು. ನಾನು ಜಮಖಂಡಿ, ಮುಧೋಳದ ಬೇರೆ ಬೇರೆ ಅಂಗಡಿಗಳಿಗೆ ಇಂಥದೇ ಫೋನ್ ಹಾಕಿಕೊಡುತ್ತ ಹೋದೆ. ಆದರೂ ಸಾವಕಾರರಿಗೆ ಏನನ್ನೋ ಮುಚ್ಚಿಟ್ಟಿದ್ದೇನೆ ಎಂಬುದು ಆಗಾಗ ಮನಸ್ಸಿಗೆ ಚುಚ್ಚುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ, ಸ್ನಾನಕ್ಕೆ ನೀರು ಕಾಯುತ್ತಿದ್ದ ಹೊತ್ತಿಗೆ, ಕಾಕಾ ಹೋಗಿಬಿಟ್ಟರು. ಹಿಂದಿನ ದಿನ ಸಂಜೆಯವರೆಗೂ ಅಂಗಡಿಯಲ್ಲೇ ಇದ್ದರಂತೆ... ಮಣ್ಣು ಮುಗಿದ ಮರುದಿನ ಸಾವಕಾರರು ನನ್ನನ್ನು ಕರೆಸಿದರು. ಆ ಮೇಜಿನ ಕೆಲಸವನ್ನು ಗಲ್ಲೆಯ ಫೋನಿಗೆ ವರ್ಗ ಮಾಡಬೇಕಿತ್ತು. ನಾನು ಹೋದಾಗ ಪರದೆಯ ಮೇಲೆ ತೇರದಾಳದ ಆಯಿಯ ಹೆಸರಿತ್ತು, ಮುಂದೆ ಮೂರು. ಮಗ್ಗ ನಿಂತಿದೆ. ಹಾಸು ಯಾವುದು ಕಳಿಸಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೇ ಕಾಕಾನ ಫೋನಿನಿಂದ ಅವಳಿಗೆ ಕರೆ ಮಾಡಿದೆ.

ಎತ್ತಿದಳು. ‘ಹಲೋ’ ಅನ್ನಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: “ಕಾಕಾ ಹೋದ್ನೇನವಾ?”

“ನಿಮಗ ಹೆಂಗ ಗೊತ್ತಾತ್ರಿ?”

“ಈ ನಂಬರಿನಿಂದ ನನಗ ಎಂದೂ ಫೋನ್ ಬಂದಿಲ್ಲ. ಅಂವ ಇದ್ರ ಯಾಕ ಬರ್ತೈತಿ? ಅಂವಗ ಕೇಳಸ್ತಿದ್ದಿಲ್ಲಲ್ಲ.”

ಅವಳು ಮೂಗು ಏರಿಸಿಕೊಂಡದ್ದು ಕೇಳಿಸಿತು. “ನಮಗೆಲ್ಲಾ ಗೊತ್ತಿತ್ತು ತಂಗಿ, ನಲವತ್ತು ಮನಿಗೂ. ಇಲ್ಲಾಂದ್ರ ಪುಕ್ಕಟ ಫೋನ್ ಇಟ್ಕೊಂಡು ಯಾರರ ಮಿಸ್ ಕಾಲ್ ಕೊಡ್ತಾರೇನು?” ಸ್ವಲ್ಪ ತಡೆದು, “ಹಸರ ದಡಿ ಹಾಸು ನಂದು. ಮಂಗಳವಾರದೊಳಗ ಕಳಸು,” ಎಂದಳು.

ಕಳಿಸಿದೆವು. ಈಗ ನೇಕಾರರೆಲ್ಲ ಗಲ್ಲೆಯ ಫೋನಿಗೆ ಮಾಡಿ ಮಾತಾಡುತ್ತಾರೆ, ಹಾಸು ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಐದು ವರ್ಷ ನಾನೊಬ್ಬಳೇ ಹೊತ್ತಿದ್ದೇನೆಂದುಕೊಂಡದ್ದನ್ನು ನಲವತ್ತು ಮನೆಗಳು ನನಗಿಂತ ಮೊದಲೇ ಹೊತ್ತಿದ್ದವು ಎಂದು ತಿಳಿದ ಆ ಸಂಜೆ, ಬಸ್ಸಿನ ಕಿಟಕಿಗೆ ತಲೆ ಆನಿಸಿ ರಬಕವಿಯವರೆಗೆ ಹಗುರವಾಗಿ ಬಂದೆ. ಒಂದೇ ಒಂದು ಉಳಿಯಿತು. ಎಲ್ಲರಿಗೂ ಗೊತ್ತಿತ್ತು, ಆದರೂ ಎಲ್ಲರೂ ಅವರನ್ನು ಫೋನ್ ಕಾಕಾ ಎಂದೇ ಕರೆಯುತ್ತಿದ್ದರು. ಈ ಮಾತನ್ನು ಕಾಕಾನ ಎದುರಿಗೆ ಕೂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಬೇಕಿತ್ತು. ಹೇಳೋಣವೆಂದರೆ ಅವರಿಲ್ಲ.