ಪ್ಲೂಟೊ ಬಿಡಲಾಗದ ನಾಲಿಗೆ

ನಿಮ್ಮ ಅಜ್ಜನಿಗೆ ಮಾತು ನಿಂತುಹೋದ ಚಳಿಗಾಲದಲ್ಲಿ ನೀವಿಬ್ಬರೂ ಚಿಕ್ಕವರು. ಕೊನೆಕೊನೆಗೆ ಅಜ್ಜ ಬರೀ ಮಂತ್ರ ಹೇಳುತ್ತಿದ್ದರು ಎಂದು ನಿಮ್ಮಲ್ಲೊಬ್ಬರು ಮೊನ್ನೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಅದು ಮಂತ್ರವಲ್ಲ, ಮಕ್ಕಳೇ. ಎದುರು ಕೂರಿಸಿಕೊಂಡು ಹೇಳೋಣವೆಂದರೆ ನಿಮ್ಮ ಮುಂದೆಯೂ ಅದು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದು ಕಷ್ಟವಾದರೆ ನಿಮ್ಮ ಅಪ್ಪನ ಕೈಲಿ ಓದಿಸಿಕೊಳ್ಳಿ.

ನಿಮ್ಮ ಅಜ್ಜ ದಿಲ್ಲಿ ಪಕ್ಕದ ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ವಯಸ್ಸು ಕಳೆದವರು. ಓದಿದ್ದು ನನ್ನ ಹಾಗೆಯೇ ಹಳ್ಳಿಯ ಶಾಲೆಯಲ್ಲಿ. ನಮ್ಮ ಕಾಲದ ಶಾಲೆಗಳಲ್ಲಿ ಸಂಜೆ ಗಂಟೆ ಹೊಡೆಯುವ ಮೊದಲು ಎಲ್ಲರೂ ಸಾಲಾಗಿ ನಿಂತು ಬಾಯಿಪಾಠ ಒಪ್ಪಿಸಬೇಕಿತ್ತು. ಮಗ್ಗಿ, ವಾರಗಳು, ನಕ್ಷತ್ರಗಳು, ಅರವತ್ತು ಸಂವತ್ಸರಗಳು, ಸೂರ್ಯನ ಸುತ್ತ ತಿರುಗುವ ಗ್ರಹಗಳು, ಎಲ್ಲಕ್ಕೂ ಒಂದೇ ರಾಗ. ಅರ್ಥ ಆಮೇಲೆ ಬರುತ್ತದೆ, ಮೊದಲು ನಾಲಿಗೆಗೆ ಹತ್ತಲಿ ಎನ್ನುತ್ತಿದ್ದರು ಮೇಷ್ಟ್ರು. ನಾನು ಹಿಂದಿನ ಸಾಲಿನಲ್ಲಿ ಬರೀ ತುಟಿ ಆಡಿಸುತ್ತಿದ್ದವಳು. ನಿಮ್ಮ ಅಜ್ಜ ಅವರ ಶಾಲೆಯಲ್ಲಿ ಮುಂದೆ ನಿಂತು ಹೇಳಿಕೊಡುತ್ತಿದ್ದ ಹುಡುಗನಂತೆ. ಅರ್ಥವನ್ನು ಅವರು ಆಮೇಲೆ ತಾವೇ ಹುಡುಕಿಕೊಂಡರು. ರೇಡಿಯೊ ಕೇಳಿ, ಪೇಪರ್ ಓದಿ, ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ.

ರಾತ್ರಿ ಊಟದಲ್ಲಿ ತುಪ್ಪದ ಮಿಳ್ಳೆ ಅವರ ಕೈಯಲ್ಲಿರುತ್ತಿತ್ತು. ಪ್ರಶ್ನೆಗೆ ಉತ್ತರ ಬಂದ ಮೇಲೆಯೇ ಅನ್ನಕ್ಕೆ ತುಪ್ಪ.

"ಯಮುನೆ ಎಲ್ಲಿ ಹುಟ್ಟುತ್ತಾಳೆ?"

"ಓಖ್ಲಾ ಮೇಂ!" ಎಂದಿದ್ದೆ ನೀನು, ದೊಡ್ಡವನೇ.

"ಓಖ್ಲಾದ ಕೊಳಚೇಲಿ ಅವಳು ಸಾಯ್ತಾಳೆ ಕಣೋ, ಹುಟ್ಟೋದು ಹಿಮಾಲಯದಲ್ಲಿ" ಎಂದು ನಕ್ಕು, ತಪ್ಪು ಹೇಳಿದ್ದಕ್ಕೂ ಒಂದು ಮಿಳ್ಳೆ ಬಡಿಸಿದ್ದರು.

ಪ್ಲೂಟೊ ಇನ್ನು ಗ್ರಹವಲ್ಲ ಎಂದು ವಿಜ್ಞಾನಿಗಳು ತೀರ್ಮಾನಿಸಿದ ಸುದ್ದಿ ಬಂದದ್ದೂ ಅವರ ಮಾತು ನಿಂತ ಆ ವರ್ಷವೇ. ಪೇಪರ್ ಹಿಡಿದುಕೊಂಡೇ ಊಟಕ್ಕೆ ಬಂದರು. "ನೋಡ್ರೋ, ಪಂಕ್ತೀಲಿ ಕೂತು ಎಲೆ ಹಾಕಿಸ್ಕೊಂಡವನನ್ನ ಎಬ್ಬಿಸಿ ಕಳಿಸಿಬಿಟ್ಟಿದ್ದಾರೆ. ಇದು ಯಾವ ನ್ಯಾಯ?" ಎಂದರು. ಆಮೇಲೆ ಅದು ಯಾಕೆ ಸರಿ ಎಂಬುದನ್ನೂ ನಿಂಬೆಹಣ್ಣು, ಸಾಸಿವೆ ಇಟ್ಟು ನಿಮಗೆ ತಿಳಿಸಿಕೊಟ್ಟರು. ಇನ್ನು ಮೇಲೆ ಎಂಟೇ ಗ್ರಹ, ಒಂಬತ್ತು ಅಂದವರಿಗೆ ತುಪ್ಪವಿಲ್ಲ ಎಂದು ಸಾರಿದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಬಲಗೈ ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಹೇಳಬೇಕಾದ್ದೂ ಒಳಗಿತ್ತು. ದಾರಿ ಮಾತ್ರ ಮುಚ್ಚಿತ್ತು. ಮದುವೆಯಾದಾಗಿನಿಂದ ಅವರು ನನ್ನನ್ನು ಕರೆಯುತ್ತಿದ್ದದ್ದು "ಇವಳೇ" ಎಂದು. ಆ ಒಂದು ಮಾತಾದರೂ ಬರಲಿ ಎಂದು ನಾನು ಕಾದೆ. ಬೇರೇನೂ ಬೇಡವಾಗಿತ್ತು.

ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು. "ಬಾಬೂಜಿ, ಹಫ್ತೇ ಕೇ ದಿನ್ ಬೋಲಿಯೇ, ಸೋಮ್‌ವಾರ್..." ಎನ್ನುವಳು. ಅವರು ಸುಮ್ಮನೆ ನೋಡುವರು. ಎಷ್ಟು ವರ್ಷ ಹಿಂದಿಯಲ್ಲಿ ಬಾಳಿದರೂ ವಾರ ಎಣಿಸುವುದನ್ನು ಯಾರು ಹಿಂದಿಯಲ್ಲಿ ಮಾಡುತ್ತಾರೆ? ಅವಳು ಹೊರಡುವಾಗ ನಾನು ಅವರ ಕಿವಿಯ ಹತ್ತಿರ ಬಗ್ಗಿ, ಶಾಲೆಯ ರಾಗದಲ್ಲಿ "ಭಾನುವಾರ" ಎಂದೆ. ಬಾಯಿ ತೆರೆಯಿತು. "ಸೋಮವಾರ, ಮಂಗಳವಾರ, ಬುಧವಾರ..." ಶನಿವಾರದವರೆಗೆ ಒಂದೂ ತಪ್ಪಲಿಲ್ಲ. ಆ ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇನ್ನೇನು, ನಾಳೆ ನಾಡಿದ್ದು ನನ್ನನ್ನು ಕರೆಯುತ್ತಾರೆ ಎಂದುಕೊಂಡೆ.

ಮನೆಗೆ ಬಂದ ಮೇಲೆ ಅದೇ ನಡೆಯಿತು. "ಪ್ರಭವ" ಎಂದರೆ ಅಕ್ಷಯದವರೆಗೆ, "ಅಶ್ವಿನಿ" ಎಂದರೆ ರೇವತಿಯವರೆಗೆ. ನಡುವೆ ತಡೆದರೆ ಮತ್ತೆ ಮೊದಲಿನಿಂದಲೇ ಶುರುಮಾಡಬೇಕು. ನೀರು ಬೇಕಾದರೆ ಮಾತ್ರ ನೀರು ಎನ್ನಲು ಬಾರದು. ನಿಮ್ಮ ಅಪ್ಪನಿಗೆ ಸಂತೋಷವೋ ಸಂತೋಷ. ದಿಲ್ಲಿಯ ಮುನಿರ್ಕಾದಿಂದ, ಸರೋಜಿನಿ ನಗರದಿಂದ ನೋಡಲು ಬಂದ ನಮ್ಮ ಕನ್ನಡದವರ ಮುಂದೆಲ್ಲ, "ಅಪ್ಪಾ, ಒಂದ್ಸಲ ಹೇಳಿ" ಎನ್ನುವನು. ಅವರು ಹೇಳುವರು. ಬಂದವರು, "ಏನು ಜ್ಞಾಪಕಶಕ್ತಿ ರೀ, ಈ ವಯಸ್ಸಲ್ಲಿ! ನಮಗೆ ನಮ್ಮ ಮೊಬೈಲ್ ನಂಬರೇ ನೆನಪಿರಲ್ಲ" ಎಂದು ಕಾಫಿ ಕುಡಿದು ಹೋಗುವರು.

ಒಂದು ಭಾನುವಾರ ಹಾಗೆಯೇ ಹಜಾರ ತುಂಬ ಜನವಿದ್ದರು. ಆ ದಿನ ಗ್ರಹಗಳ ಸರದಿ. "ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್, ಪ್ಲೂಟೊ" ಎಂದರು.

ಚಿಕ್ಕವಳೇ, ನೀನು ಎದ್ದು ನಿಂತೆ. "ಅಜ್ಜಾ, ಪ್ಲೂಟೊ ನಹೀಂ ಬೋಲ್ನಾ! ಆಪ್ನೇ ಹೀ ತೋ ಬತಾಯಾ ಥಾ! ಘೀ ನಹೀಂ ಮಿಲೇಗಾ!" ಪ್ಲೂಟೊ ಅಂದವರಿಗೆ ತುಪ್ಪವಿಲ್ಲ ಎಂಬ ಅವರ ಮಾತನ್ನೇ ಅವರಿಗೆ ತಿರುಗಿಸಿದ್ದೆ.

ಎಲ್ಲರೂ ನಕ್ಕರು. ಅವರೂ ನಗಲು ನೋಡಿದರು. ಆಮೇಲೆ ಎಡಗೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ತಾವಾಗಿಯೇ ಮೊದಲಿನಿಂದ ಶುರುಮಾಡಿದರು. ಶನಿ ಬಂದಾಗಲೇ ನಿಧಾನ ಮಾಡಿದರು. ನೆಪ್ಚೂನ್ ಆದ ಕೂಡಲೇ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡರು. ಕೆನ್ನೆ ನಡುಗಿತು. ಮುಚ್ಚಿದ ತುಟಿಗಳನ್ನು ತಳ್ಳಿಕೊಂಡು "ಪ್ಲೂಟೊ" ಹೊರಬಿತ್ತು. ಕಣ್ಣಿಂದ ನೀರು ಇಳಿಯಿತು.

ನೀನು ಹಾಗೆ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ ಮಗೂ, ಅವರು ಹಿಂದೆ ನಿನಗೆ ಹೇಳಿಕೊಟ್ಟ ಹಾಗೇ ನೀನು ಹೇಳಿದ್ದೆ. ಆದರೆ ಆ ಹೊತ್ತು ನನಗೆ ತಿಳಿಯಿತು. ಈ ಬಾಯಿಪಾಠಕ್ಕೂ ಅವರಿಗೂ ಸಂಬಂಧವಿಲ್ಲ. ಎಲ್ಲ ತಿಳಿದಿರುವ ಅವರು ತಮ್ಮೊಳಗೇ ಬೇರೆ ಕೂತಿದ್ದಾರೆ. ನಾಲಿಗೆ ತನ್ನ ಪಾಡಿಗೆ ಹಳೆಯ ಶಾಲೆಯಲ್ಲಿ ನಿಂತಿದೆ. ನಾಳೆ ನಾಡಿದ್ದು ಎಂದು ನಾನು ಕಾಯುತ್ತಿದ್ದ ಮಾತಿಗೆ ಈ ದಾರಿಯಿಂದ ಬರಲಾಗುವುದಿಲ್ಲ.

ಅಷ್ಟು ಜನರ ಮುಂದೆ ನಾನು ಎಂದೂ ಬಾಯಿ ಬಿಟ್ಟವಳಲ್ಲ. "ಸಾಕು. ಇನ್ಯಾರೂ ಅವರ ಕೈಲಿ ಹೇಳಿಸಬೇಡಿ" ಎಂದೆ.

"ಅಮ್ಮಾ, ಪ್ರಾಕ್ಟೀಸ್ ಬಿಡಬಾರದು ಅಂದಿದ್ದಾರಮ್ಮಾ" ಎಂದ ನಿಮ್ಮ ಅಪ್ಪ.

"ಗೊತ್ತು ಕಣಪ್ಪ. ಸಾಕು."

ಅವರು ನನ್ನತ್ತ ತಿರುಗಿ, ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆದರು.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಮಧ್ಯಾಹ್ನದ ಬಿಸಿಲಿಗೆ ಬಾಲ್ಕನಿಯಲ್ಲಿ ಕೂರುತ್ತಿದ್ದೆವು. ನಾನು ಮೂಲಂಗಿ ಹೆಚ್ಚುವುದೋ ಬಟಾಣಿ ಬಿಡಿಸುವುದೋ ಮಾಡುತ್ತಿದ್ದೆ. ಅವರು ರಜಾಯಿ ಹೊದ್ದು ಕೆಳಗಿನ ರಸ್ತೆ ನೋಡುತ್ತಿದ್ದರು. ನಾನು ಏನೂ ಕೇಳುತ್ತಿರಲಿಲ್ಲ, ಏನೂ ಹೇಳಿಸುತ್ತಿರಲಿಲ್ಲ. ಹಾಗೆ ಕೂತಿದ್ದಾಗ ಒಂದು ದಿನ ಎಡಗೈಯಿಂದ ನನ್ನ ಮೊಣಕೈ ಹಿಡಿದರು. ಬಾಯಿ ತೆರೆದರು. "ಅ... ಅ..." ಎಂದರು.

"ನೀರು ಬೇಕೇನ್ರೀ?" ತಲೆ ಅಡ್ಡ ಆಡಿಸಿದರು.

"ಒಳಗೆ ಹೋಗೋಣವಾ? ಬಿಸಿಲು ಚುಚ್ತಿದೆಯಾ?" ಅಲ್ಲ.

"ಎಲ್ಲಾದರೂ ನೋವಾ?" ಅಲ್ಲ.

"ಮಗನನ್ನ ಕರೀಲಾ? ಮಕ್ಕಳನ್ನಾ?" ಅಲ್ಲ, ಅಲ್ಲ.

"ಊರಾ?" ಎಂದಾಗ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಅದೂ ಅಲ್ಲವೆಂದರು. ನನಗೆ ಗೊತ್ತಿದ್ದ ಪ್ರಶ್ನೆಗಳೆಲ್ಲ ಮುಗಿದವು. ಬಿಸಿಲು ಎದುರಿನ ಕಟ್ಟಡದ ಹಿಂದೆ ಹೋಯಿತು, ಚಳಿ ಹತ್ತಿತು. ಅವರು ದಣಿದು, ನನ್ನ ಮೊಣಕೈಯನ್ನು ಮೆಲ್ಲಗೆ ತಟ್ಟಿದರು. ಹೋಗಲಿ ಬಿಡು ಎನ್ನುವ ಹಾಗೆ.

ಆ ವಾರ ಕಳೆಯುವ ಮೊದಲೇ ಇನ್ನೊಂದು ಹೊಡೆತ ಬಂತು. ಅವರು ಹೋದರು.

ಬಟಾಣಿ ಬಿಡಿಸುತ್ತಿರುವಾಗ ಈಗಲೂ ಒಂದೊಂದು ಸಲ ಕೇಳಿಬಿಡುತ್ತೇನೆ: ಕಾಲು ಒತ್ತಬೇಕಿತ್ತೇನ್ರೀ? ರೇಡಿಯೊ ಹಾಕಬೇಕಿತ್ತೇ? ನನ್ನ ಮೂಗುಬೊಟ್ಟು ಓರೆಯಾಗಿತ್ತೇ?