ಕೋಪರಿಯ ಕೋಣೆಯಲ್ಲಿ ಹೂಂ ಅಂದವರು

ಉದ್ದಿನ ಹಿಟ್ಟಿಗೆ ಇಂಗಿನ ನೀರು ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನಾನು ಡೊಂಬಿವಲಿಯ ಈ ಅಡುಗೆಮನೆಯಲ್ಲಿ ಇರುವುದಿಲ್ಲ. ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿನ ಮಗ್ಗುಲಲ್ಲೇ ಇದ್ದ ನಮ್ಮ ಚಾಳಿನ ಕೋಣೆಗೆ ಹೋಗಿಬಿಡುತ್ತೇನೆ. ರೈಲು ಹೋದಾಗಲೆಲ್ಲ ಅಲ್ಲಿ ಗೋಡೆಗೆ ಒರಗಿಸಿಟ್ಟ ತಟ್ಟೆಗಳು ಝಣಝಣ ಎನ್ನುತ್ತಿದ್ದವು. ನೆಲದ ಮೇಲೆ ಹಳೆಯ ಸೀರೆ ಹಾಸಿ, ಅದರ ಮೇಲೆ ಒತ್ತಿದ ಹಪ್ಪಳ ಒಂದಕ್ಕೊಂದು ತಾಗದ ಹಾಗೆ ಹರಡಿರುತ್ತಿತ್ತು. ಲಟ್ಟಣಿಗೆಯ ಸದ್ದು, ಅದರ ಜೊತೆಗೇ ಬಳೆಯ ಸದ್ದು, ಹೊರಗೆ ಪಡಸಾಲೆಯಲ್ಲಿ ನೀರಿನ ಸರದಿಗೆ ಜಗಳ. ನೀವೂ ಅಂಥ ಕೋಣೆಯಲ್ಲಿ ಬೆಳೆದವರಾದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಂದು ಕೋಣೆಯಲ್ಲಿ ಅಷ್ಟು ಜನ ಹೇಗೆ ಹಿಡಿಸುತ್ತಿದ್ದೆವು ಎಂದು ಈಗ ಕೇಳಿದರೆ ನನಗೂ ಉತ್ತರ ಗೊತ್ತಿಲ್ಲ. ಹಿಡಿಸುತ್ತಿದ್ದೆವು, ಅಷ್ಟೆ.

ಮೊನ್ನೆ ಹಾಗೇ ಹಿಟ್ಟು ನಾದುತ್ತ ಕೂತಿದ್ದೆ. ಒಳಗಿನ ಕೋಣೆಯಲ್ಲಿ ಮೊಮ್ಮಗಳು ಮಾನಸಿ ಫೋನನ್ನು ಡಬ್ಬಿಗೆ ಒರಗಿಸಿಟ್ಟುಕೊಂಡು ಅದರ ಎದುರು ಮಾತಾಡುತ್ತಿದ್ದಳು. ಅವಳು ಕಲ್ಯಾಣದ ಕಾಲೇಜಿನಲ್ಲಿ ಓದುತ್ತಾಳೆ. ಹೊಸ ಸಿನೆಮಾ ಬಂದರೆ ನೋಡಿ ಬಂದು, ಅದು ಹೇಗಿದೆ ಎಂದು ಫೋನಿನಲ್ಲಿ ಹೇಳುತ್ತಾಳೆ, ಜನ ಕೇಳುತ್ತಾರೆ. ಹಿಂದಿಯಲ್ಲಿ ಹೇಳುವಾಗ ನಲ್ಲಿ ಬಿಟ್ಟ ಹಾಗೆ ಮಾತು ಬೀಳುತ್ತದೆ. ಆದರೆ ಈ ಸಲ ನಮ್ಮ ಕಡೆಯ ಕನ್ನಡ ಸಂಘದವರು ಓದುವ ಮಕ್ಕಳಿಂದ ಮಾತಾಡಿಸುವ ಕಾರ್ಯಕ್ರಮವನ್ನು ಭಾನುವಾರಕ್ಕೆ ಇಟ್ಟಿದ್ದರು. ಜನ ಮುಗಿಬಿದ್ದು ನೋಡುವ ಸಿನೆಮಾಗಳ ಬಗ್ಗೆ ಅವಳು ಕನ್ನಡದಲ್ಲಿ ಮಾತಾಡಬೇಕಿತ್ತು. ನನಗೆ ಸಂತೋಷವಾಗಲಿ ಎಂದು ಒಪ್ಪಿಕೊಂಡಿದ್ದಳು ಹುಡುಗಿ. ಈಗ ಅರ್ಧಕ್ಕೇ ನಿಲ್ಲಿಸಿ ಎದ್ದಳು.

"ಅಜ್ಜಿ, ನಹೀ ಹೋಗಾ ಮುಝ್‌ಸೇ, ನನ್ನಿಂದ ಆಗಲ್ಲ. ಮಧ್ಯದಲ್ಲಿ ಅಟಕ್ ಆಗ್ತದೆ, ಮಾತು ನಿಲ್ತದೆ," ಎನ್ನುತ್ತ ಬಂದು ಪಕ್ಕದಲ್ಲಿ ಕುಸಿದಳು.

"ಎಂತ ಹೇಳ್ಬೇಕು ಅಂತ ಗೊತ್ತುಂಟಲ್ಲ?"

"ಗೊತ್ತುಂಟು. ಅದೇ ಪ್ರಾಬ್ಲಮ್."

ಆಮೇಲೆ ನಿಧಾನಕ್ಕೆ ಹೊರಬಂತು. ಮಳೆಗಾಲದಲ್ಲಿ ಅವಳೊಂದು ಸಿನೆಮಾ ನೋಡಿದ್ದಳಂತೆ. ಬಸ್ಸು ಓಡಿಸುವ ಅಪ್ಪನ ಕತೆ. ಥಿಯೇಟರಿನಲ್ಲಿ ಬಿಕ್ಕಿಬಿಕ್ಕಿ ಅತ್ತಳಂತೆ. ಹೊರಗೆ ಬಂದರೆ ಜೊತೆಯ ಹುಡುಗರು ಹುಡುಗಿಯರು ನಗುತ್ತಿದ್ದರು, ಇಂಥದ್ದನ್ನೂ ಯಾರಾದರೂ ನೋಡುತ್ತಾರಾ ಎಂದು. ಇವಳೂ ಕಣ್ಣೊರೆಸಿಕೊಂಡು ನಕ್ಕಳು. ಫೋನಿನಲ್ಲಿ ಹೇಳುವಾಗ ಅದಕ್ಕೆ ಎರಡೇ ನಕ್ಷತ್ರ ಕೊಟ್ಟಳು. "ಆವತ್ತಿಂದ ನಂಗೆ ಸಿನೆಮಾ ನೋಡೋದೇ ಬಂದ್ ಆಗಿದೆ ಅಜ್ಜಿ. ಖಾಲಿ ತಪ್ಪು ಹುಡುಕ್ತೇನೆ. ಅಳು ಬರುವಾಗ, ಇದನ್ನು ಹೇಗೆ ಹೇಳೋದು ಅಂತ ಯೋಚ್ನೆ ಬರ್ತದೆ, ಅಳು ಹೋಗ್ತದೆ. ಭಾನುವಾರ ಇದೇ ಹೇಳ್ಬೇಕು ಅಂತ ಉಂಟು. ಆದ್ರೆ ಕಾಲೇಜಿನವ್ರೂ ಬರ್ತಾರೆ. ಅವ್ರ ಎದುರು ಅಟಕಿದ್ರೆ ಮುಗೀತು, ಮತ್ತೆ ಯಾವತ್ತೂ ನಾನು ಬಾಯಿ ತೆಗೆಯಲ್ಲ."

ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಕಾಲೇಜಿನ ಹುಡುಗಿಗೆ ಏನು ಹೇಳಿಕೊಡಲಿ? ಆದರೆ ಸಿನೆಮಾ ನೋಡಿ ಬಂದು ಹೇಳುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಹಿಟ್ಟು ನಾದುತ್ತಲೇ ಜಲಜತ್ತೆಯ ಸುದ್ದಿ ತೆಗೆದೆ. ಮಾನಸಿ ಫೋನಿನ ಮೇಲೆ ಕಣ್ಣಿಟ್ಟುಕೊಂಡು ಕೂತಿದ್ದಳು. ಕೇಳಿದಳೋ ಇಲ್ಲವೋ.

ಜಲಜತ್ತೆ ನಮ್ಮಪ್ಪನ ತಂಗಿ. ಅಪ್ಪ ಸ್ಟೇಷನ್ನಿನ ಆಚೆ ಬದಿಯ ನೌಪಾಡಾದ ಉಡುಪಿ ಹೋಟೆಲಿನಲ್ಲಿ ಅಡುಗೆಗೆ ಇದ್ದ. ಮನೆಯ ಯಜಮಾನಿಕೆ ದೊಡ್ಡಮ್ಮನದು, ಅಂದರೆ ಅಪ್ಪನ ಅತ್ತಿಗೆಯದು. ನಾವೆಲ್ಲ ಸೇರಿ ಹಪ್ಪಳ ಒತ್ತಿ ಹೋಟೆಲುಗಳಿಗೆ ಕೊಡುತ್ತಿದ್ದೆವು. ಎಲ್ಲರೂ ಸಿನೆಮಾಕ್ಕೆ ಹೋಗುವ ಮಾತಿರಲಿಲ್ಲ, ಹಾಗಾಗಿ ಒಬ್ಬಳು ಹೋಗಬೇಕು, ಬಂದು ಎಲ್ಲರಿಗೂ ಹೇಳಬೇಕು. ಅದು ದೊಡ್ಡಮ್ಮ ಮಾಡಿದ ಕಟ್ಟಳೆ. ಭಾನುವಾರ ಪಕ್ಕದ ಕೋಣೆಯ ಮರಾಠಿ ಮಾವಶಿಯ ಜೊತೆ ಅತ್ತೆ ಮ್ಯಾಟಿನಿಗೆ ಹೋಗುವಳು. ಸೋಮವಾರ ಊಟವಾದ ಮೇಲೆ ಮಣೆ ಎಳೆದುಕೊಂಡು ಕೂತು ಶುರುಮಾಡುವಳು. ಸಿನೆಮಾ ಹಿಂದಿಯದು, ಅತ್ತೆ ಹೇಳುವುದು ಅರ್ಧ ತುಳು ಅರ್ಧ ಕನ್ನಡ. ಅವಳ ಬಾಯಲ್ಲಿ ಹೀರೋ ಯಾವಾಗಲೂ ನಮ್ಮ ಕಡೆಯವನೇ. ಮುಂಬೈಯ ದೊಡ್ಡ ಶ್ರೀಮಂತ ಉಡುಪಿ ಹೋಟೆಲಿನ ಧಣಿಯಾಗುತ್ತಿದ್ದ. ಹೀರೋಯಿನ್ ಮುನಿಸಿಕೊಂಡರೆ ನೀರುದೋಸೆ ಸುಡುವುದನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ದೊಡ್ಡಮ್ಮನನ್ನು ಒಮ್ಮೆ ಥಿಯೇಟರಿಗೆ ಕರೆದುಕೊಂಡು ಹೋದರೆ, "ಇದೆಂತ ಸಿನೆಮಾ ಮಾರಾಯ್ತಿ, ಒಬ್ಬರೂ ಒಲೆ ಹಚ್ಚುವುದಿಲ್ಲ!" ಎಂದು ಸಿಟ್ಟಾದಳು.

ಕತೆ ಮುಗಿದ ಮೇಲೆ ತೀರ್ಪು. ಅದೂ ದೊಡ್ಡಮ್ಮನದೇ. ಉಪ್ಪು ಸರಿ ಉಂಟು ಎಂದರೆ ಒಳ್ಳೆಯ ಸಿನೆಮಾ. ನೀರು ಜಾಸ್ತಿ ಎಂದರೆ ಎಳೆದಿದ್ದಾರೆ ಎಂದರ್ಥ. "ಒಗ್ಗರಣೆ ಮಾತ್ರ ಚಟಪಟ, ಕೆಳಗೆ ಸಾರೇ ಇಲ್ಲ" ಎಂದುಬಿಟ್ಟರೆ ಆ ಹೀರೋನ ಹೆಸರು ನಮ್ಮ ಚಾಳಿನಲ್ಲಿ ಮುಗಿದ ಹಾಗೆ.

ಇದರಲ್ಲಿ ನನ್ನ ಕೆಲಸ ಹೂಂ ಅನ್ನುವುದು. ಕತೆ ಹೇಳುವವರ ಎದುರು ಒಬ್ಬರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆಗೆ ದಾರಿ ತಪ್ಪುತ್ತದೆ ಎಂದು ಅತ್ತೆ ನಂಬಿದ್ದಳು. ಹಿರಿಯರ ಕಣ್ಣು, ಕೈ ಎರಡೂ ಹಪ್ಪಳದ ಕೆಲಸದಲ್ಲಿ. ಹಾಗಾಗಿ ಒಂಬತ್ತು ವರ್ಷದ ನಾನು ಅವಳ ಮೊಣಕಾಲಿಗೆ ತಾಗಿಕೊಂಡು ಕೂತು, ಅವಳು ಉಸಿರು ತೆಗೆದುಕೊಂಡಾಗಲೆಲ್ಲ "ಹೂಂ" ಎನ್ನುತ್ತಿದ್ದೆ. ನನ್ನ ಹೂಂ ತಡವಾದರೆ ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದಳು.

ಆ ವರ್ಷ ಬಸುರಿಯಾಗಿದ್ದ ಅಮ್ಮ ಮಂಚ ಹಿಡಿದಿದ್ದಳು. ನನ್ನ ನಂತರದ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಏಳಲೇ ಕೂಡದು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಏಳುತ್ತಿರಲಿಲ್ಲ, ಆದರೆ ಬರಬರುತ್ತ ಮಾತೂ ಆಡದಾದಳು. ಗೋಡೆಯ ಕಡೆ ತಿರುಗಿ, ಹೊಟ್ಟೆಯ ಮೇಲೆ ಕೈ ಇಟ್ಟು, ಏನನ್ನೋ ಕಿವಿಗೊಟ್ಟು ಕೇಳುವವಳ ಹಾಗೆ ಮಲಗಿರುವಳು. ಊಟ ಅರ್ಧಕ್ಕೇ ಬಿಡುವಳು. ಸೋಮವಾರ ಮಾತ್ರ, ಅತ್ತೆ ಮಣೆ ಎಳೆದ ಸದ್ದಿಗೆ, ಈ ಕಡೆ ತಿರುಗುವಳು. ಕತೆಯ ನಡುವೆ ಅವಳ ಬಾಯಿಗೆ ಕೊಟ್ಟರೆ ಒಂದು ಬಟ್ಟಲು ಗಂಜಿ ಪೂರ್ತಿ ಇಳಿಯುತ್ತಿತ್ತು. ಅದನ್ನು ನೋಡಿಯೇ ದೊಡ್ಡಮ್ಮ ಒಂದು ವಾರವೂ ಮ್ಯಾಟಿನಿ ತಪ್ಪದ ಹಾಗೆ ನೋಡಿಕೊಂಡಳು.

ಅಷ್ಟರಲ್ಲಿ ಜಲಜತ್ತೆಗೆ ಮದುವೆ ಗೊತ್ತಾಯಿತು. ಹುಡುಗ ಪುಣೆಯಲ್ಲಿ ಹೋಟೆಲಿನವನು. ಮದುವೆಯಾಗಿ ಅತ್ತೆ ಹೋದ ಮೊದಲ ಸೋಮವಾರ ಕೋಣೆಯಲ್ಲಿ ಲಟ್ಟಣಿಗೆಯ ಸದ್ದು ಮಾತ್ರ. ಅಮ್ಮ ತಿರುಗಲಿಲ್ಲ. ಗಂಜಿಯ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಒಲೆಯ ಬಳಿಗೆ ವಾಪಸ್ಸು ಹೋಯಿತು. ಎರಡನೆಯ ಸೋಮವಾರವೂ ಹಾಗೇ. ದೊಡ್ಡಮ್ಮ ಹಿಟ್ಟನ್ನು ಕುಟ್ಟುತ್ತಿದ್ದ ರೀತಿ ನೋಡಿ ನನಗೆ ಹೆದರಿಕೆಯಾಯಿತು. ಶನಿವಾರ ನನ್ನ ಜಡೆ ಬಿಗಿಯಾಗಿ ಹೆಣೆಯುತ್ತ ಅವಳೆಂದಳು: "ನಾಳೆ ಮಾವಶಿಯ ಒಟ್ಟಿಗೆ ನೀನು ಹೋಗು ಮಗಾ. ಕಣ್ಣು ಬಿಟ್ಟು ನೋಡು. ಅಮ್ಮನಿಗೆ ಹೇಳ್ಬೇಕು. ಹೇಳ್ಲಿಕ್ಕೆ ಆಗದಿದ್ರೆ ಮತ್ತೆ ಈ ಸಿನೆಮಾ ಗಿನೆಮಾ ನಮ್ಗೆ ಬೇಡ."

ಥಿಯೇಟರಿನ ಕತ್ತಲೆ, ಬೀಡಿಯ ಹೊಗೆ, ಪಕ್ಕದವರ ತಲೆಯ ಅಬ್ಬಲಿಗೆ ಹೂವು, ಮೇಲಿಂದ ಬರುವ ಬೆಳಕಿನ ಕೋಲಿನಲ್ಲಿ ಕುಣಿಯುವ ಧೂಳು. ಎಲ್ಲರೂ ನಗುವಾಗ ನಾನು ನಗಲಿಲ್ಲ. ಮರೆತರೆ ಏನು ಗತಿ ಎಂದು ಬಾಯಲ್ಲೇ ಉರು ಹೊಡೆಯುತ್ತಿದ್ದೆ. ಅಣ್ಣನನ್ನು ಹುಡುಕಿಕೊಂಡು ಹಳ್ಳಿಯಿಂದ ಮುಂಬೈಗೆ ಬಂದ ಹುಡುಗಿಯೊಬ್ಬಳ ಕತೆ ಅದು.

ಸೋಮವಾರ ಅತ್ತೆಯ ಮಣೆಯ ಮೇಲೆ ಕೂತೆ. ಶುರುಮಾಡಿದೆ. ಹುಡುಗಿ ರೈಲು ಹತ್ತಿದಳು, ರೈಲು ಬಂತು, ಹುಡುಗಿ ನಮ್ಮ ಠಾಣೆ ಸ್ಟೇಷನ್ನಿನಲ್ಲಿ ಇಳಿದಳು ಎಂದೆ. ಉಸಿರು ತೆಗೆದುಕೊಂಡೆ. ಆ ಉಸಿರಿನ ಜಾಗದಲ್ಲಿ ಏನೂ ಇರಲಿಲ್ಲ. ಹೂಂ ಅನ್ನುವ ನಾನೇ ಮಣೆಯ ಮೇಲೆ ಕೂತಿದ್ದೆ, ನನ್ನ ಜಾಗ ಖಾಲಿ ಇತ್ತು. ಅದು ನಮ್ಮಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಹುಡುಗಿ ಸ್ಟೇಷನ್ನಿನಲ್ಲಿ ನಿಂತಳು ಎಂದೆ. ನಿಂತೇ ಇದ್ದಳು ಎಂದೆ. ದೊಡ್ಡಮ್ಮನ ಲಟ್ಟಣಿಗೆ ನಿಂತಿತು. "ನಿಂತಳು, ಆಯ್ತಲ್ಲ. ಮುಂದೆ?" ಎಂದಳು. ಮುಂದೆ ಏನೂ ಬರಲಿಲ್ಲ. ಹೊರಗೆ ರೈಲೊಂದು ಹೋಯಿತು, ತಟ್ಟೆಗಳು ಅದುರಿದವು, ಮತ್ತೆ ಸುಮ್ಮನಾದವು. ಅಮ್ಮನ ಬೆನ್ನು ಅಲುಗಲಿಲ್ಲ. ದೊಡ್ಡಮ್ಮ ಗಂಜಿಯ ಬಟ್ಟಲನ್ನು ಎತ್ತಿಕೊಂಡು ಏಳಲು ನೆಲಕ್ಕೆ ಕೈ ಊರಿದಳು. ಇನ್ನು ಮುಗಿಯಿತು ಎಂದುಕೊಂಡೆ.

ಆಗ ಮಂಚದಿಂದ ಬಂತು, "ಹೂಂ."

ಎಷ್ಟೋ ದಿನ ಬಳಸದೆ ಇಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ ಆ ಸ್ವರ. ದೊಡ್ಡಮ್ಮ ಊರಿದ ಕೈ ಊರಿದ ಹಾಗೇ ಕೂತಳು. ಅಮ್ಮ ಮೆಲ್ಲಗೆ ಈ ಕಡೆ ತಿರುಗಿದಳು. "ಹೂಂ. ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ಯಾರೂ ಬರ್ಲಿಲ್ವಾ?"

ಸಿನೆಮಾದಲ್ಲಿ ಯಾರೂ ಬಂದಿರಲಿಲ್ಲ. ಆದರೆ ಅಮ್ಮ ಕೇಳಿದ ಮೇಲೆ ಬರದಿದ್ದರೆ ಹೇಗೆ? "ಅಪ್ಪ ಬಂದ," ಎಂದುಬಿಟ್ಟೆ. "ನೌಪಾಡಾ ಹೋಟೆಲಿಂದ ಓಡಿ ಬಂದ. ಬಾಳೆಲೆಯಲ್ಲಿ ಇಡ್ಲಿ ಕಟ್ಕೊಂಡು ಬಂದ." ದೊಡ್ಡಮ್ಮ ಮೊದಲು ನಕ್ಕಳು, ಅವಳ ಹಿಂದೆ ಬಾಗಿಲಲ್ಲಿ ನಿಂತಿದ್ದ ಮಾವಶಿ ಅರ್ಥವಾಗದೆಯೂ ನಕ್ಕಳು, ಅಮ್ಮ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು. ಆ ಹುಡುಗಿಗೆ ಅಣ್ಣ ಸಿಗುವ ಹೊತ್ತಿಗೆ ಬಟ್ಟಲು ಖಾಲಿಯಾಗಿತ್ತು. "ಉಪ್ಪು ಸ್ವಲ್ಪ ಕಡಿಮೆ," ಎಂದಳು ದೊಡ್ಡಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಂಡು. "ಆದ್ರೆ ಹೊಟ್ಟೆ ತುಂಬಿತು. ಬರುವ ವಾರವೂ ಹೋಗು." ಮಾವಿನಕಾಯಿಯ ಕಾಲಕ್ಕೆ ತಮ್ಮ ಹುಟ್ಟಿದ. ಹುಟ್ಟುವ ಮೊದಲೇ ಅಷ್ಟೂ ಸಿನೆಮಾ ನೋಡಿದವನು ತಾನೊಬ್ಬನೇ ಎಂದು ಕೊನೆಯವರೆಗೂ ಜಂಬ ಕೊಚ್ಚುತ್ತಿದ್ದ.

ಭಾನುವಾರ ಸಂಘದ ಸಭಾಗೃಹದಲ್ಲಿ ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಕಾಲೇಜಿನ ಹುಡುಗರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮಾನಸಿಯ ಹೆಸರು ಕರೆದರು. ಮೊದಲು ಚೆನ್ನಾಗಿಯೇ ಹೇಳಿದಳು. ಸಿನೆಮಾ ನೋಡಲು ಹೋಗುವಾಗ ಈಗ ತಾನು ಹೇಗೆ ಜಡ್ಜ್ ಆಗಿ ಹೋಗುತ್ತೇನೆ, ಮೊದಲು ಹೇಗೆ ಖಾಲಿ ಕೈಯಲ್ಲಿ ಹೋಗುತ್ತಿದ್ದೆ ಎಂದಳು. ಎಲ್ಲರೂ ನೋಡುವ ಸಿನೆಮಾವನ್ನು ಬಯ್ದರೆ ಜಾಣರ ಸಾಲಿನಲ್ಲಿ ಜಾಗ ಸಿಗುತ್ತದೆ ಎಂದಳು. ಆಮೇಲೆ ಆ ಬಸ್ಸಿನ ಸಿನೆಮಾಕ್ಕೆ ಬಂದಳು. "ಆ ಅಪ್ಪ ಲಾಸ್ಟ್ ಟ್ರಿಪ್ ಮುಗಿಸಿ ಬಸ್ಸಿಂದ ಇಳೀತಾನೆ. ಇಳಿದು..." ಎಂದಳು. ನಿಂತಳು. ಹಿಂದೆ ಯಾರೋ ಕಿಸಕ್ಕೆಂದರು. ಸಭೆಯೆಲ್ಲ ಮರ್ಯಾದೆಯಿಂದ ಸುಮ್ಮನಿತ್ತು, ಆ ಮರ್ಯಾದೆಯೇ ಅವಳನ್ನು ಕೊಲ್ಲುತ್ತಿತ್ತು. ಸಂಘದವರೊಬ್ಬರು ಚಪ್ಪಾಳೆ ತಟ್ಟಿ ಮುಗಿಸಿಬಿಡೋಣವೆಂದು ಕೈ ಎತ್ತಿದರು.

"ಹೂಂ," ಎಂದೆ ನಾನು.

ಗಟ್ಟಿಯಾಗಿಯೇ ಬಂತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಮಾನಸಿಯೂ ನೋಡಿದಳು. "ಹೂಂ. ಇಳಿದು? ಮನೆಗೆ ಹೋಗಿ ಊಟ ಮಾಡಿದ್ನಾ ಪಾಪ?" ಎಂದೆ.

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. "ಇಲ್ಲ ಅಜ್ಜಿ, ಊಟ ಮಾಡ್ಲಿಲ್ಲ. ಖಾಲಿ ಬಸ್ಸನ್ನ ಒಮ್ಮೆ ಮುಟ್ಟಿದ, ಅಷ್ಟೇ. ಅದನ್ನ ನೋಡಿ ನಾನು ಅತ್ತುಬಿಟ್ಟೆ. ಹೊರಗೆ ಬಂದು, ಅತ್ತಿಲ್ಲ ಅಂತ ಸುಳ್ಳು ಹೇಳಿದೆ." ನಾನು ಹೂಂ ಎಂದೆ. ಎರಡನೆಯ ಸಾಲಿನ ಹಿರಿಯರೊಬ್ಬರೂ ಹೂಂ ಎಂದರು. ಆಮೇಲೆ ಅವಳು ಉಸಿರು ತೆಗೆದಲ್ಲೆಲ್ಲ ಯಾರಾದರೊಬ್ಬರು ಹೂಂಗುಟ್ಟುತ್ತಿದ್ದರು. ಅವಳ ಕನ್ನಡದಲ್ಲಿ ಹಿಂದಿ ಬಂತು, ಮರಾಠಿ ಬಂತು, ಯಾರಿಗೂ ಏನೂ ಅನಿಸಲಿಲ್ಲ. ಕೊನೆಗೆ, "ನಕ್ಷತ್ರ ಇಲ್ಲ. ಒಗ್ಗರಣೆ ಸ್ವಲ್ಪ ಜಾಸ್ತಿ ಆಗಿದೆ, ಆದ್ರೆ ಉಪ್ಪು ಸರಿ ಉಂಟು," ಎಂದಾಗ ನಾನು ಕೂತ ಕುರ್ಚಿಯಿಂದ ಎದ್ದೇಬಿಟ್ಟೆ. ಹಾಗಾದರೆ ಅವಳು ಮೊನ್ನೆ ಕೇಳಿದ್ದಳು! ನನ್ನ ಸಂತೋಷ ಯಾರಿಗೆ ಹೇಳಲಿ, ಎಷ್ಟು ಹೇಳಲಿ. ಹಿಂದೆ ನಿಂತಿದ್ದ ಅವಳ ಗೆಳತಿಯೊಬ್ಬಳು ಬಂದು, "ಆಜೀ, ಮೀ ಪಣ್ ರಡ್ಲೇ ಹೋತೇ," ತಾನೂ ಅತ್ತಿದ್ದೆ ಎಂದು ನನ್ನ ಕಿವಿಯಲ್ಲಿ ಹೇಳಿ ಓಡಿಹೋದಳು.

ಇವತ್ತು ಮತ್ತೆ ಹಿಟ್ಟು ನಾದುತ್ತಿದ್ದೆ. ಮಾನಸಿ ಬಂದು ಫೋನನ್ನು ಕವುಚಿ ಇಟ್ಟು, ನನ್ನ ಮೊಣಕಾಲಿಗೆ ತಾಗಿಕೊಂಡು ಕೂತಳು. "ಕೋಪರಿದು ಹೇಳು ಅಜ್ಜಿ. ಪೂರಾ ಹೇಳು." ಏನು ಹೇಳಲಿ? ಆ ಚಾಳು ಕೆಡವಿ ಎಷ್ಟೋ ಕಾಲವಾಯಿತು, ಅಲ್ಲೀಗ ಲಿಫ್ಟಿನ ಕಟ್ಟಡ. ಅಪ್ಪ, ಅಮ್ಮ, ದೊಡ್ಡಮ್ಮ, ಅತ್ತೆ, ಕಳೆದ ಮಳೆಗಾಲದಲ್ಲಿ ತಮ್ಮನೂ, ಒಬ್ಬೊಬ್ಬರಾಗಿ ಎದ್ದುಹೋದರು. ಆ ಕೋಣೆಯನ್ನು ಕಂಡವಳು ಈಗ ನಾನೊಬ್ಬಳೇ, ನೋಡಿ ಬಂದು ಹೇಳುವ ಸರದಿಯೂ ನನ್ನದೇ. ಶುರುಮಾಡಿದೆ. ಊಟವಾಗಿತ್ತು, ದೊಡ್ಡಮ್ಮ ನೆಲಕ್ಕೆ ಸೀರೆ ಹಾಸಿದಳು ಎಂದೆ.

"ಹೂಂ."

ಜಲಜತ್ತೆ ಮಣೆ ಎಳೆದುಕೊಂಡಳು ಎಂದೆ.

"ಹೂಂ."

ಮಂಚದ ಮೇಲೆ ಅಮ್ಮ ಮೆಲ್ಲಗೆ ಈ ಕಡೆ ತಿರುಗಿದಳು ಎಂದೆ.