ಏಳನೇ ನಂಬರಿನ ಟ್ರಿಪ್

ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದ ಮುತ್ತುರಾಜ್ ಈಗ ಸ್ಟೀರಿಂಗೂ ಚಕ್ರವೂ ಇಲ್ಲದ ಕಾರಿನಲ್ಲಿ ಕೂತು ಸಂಬಳ ತೆಗೆದುಕೊಳ್ಳುತ್ತಾನೆ. ಕಾರಿನ ಆ್ಯಪ್‌ಗಳನ್ನು ಪರೀಕ್ಷಿಸುವ ಇಂದಿರಾನಗರದ ಒಂದು ಆಫೀಸಿನ ಮೂರನೇ ಮಹಡಿಯಲ್ಲಿ ಹಳೇ ಕಾರಿನ ಸೀಟೊಂದು, ಅದರ ಮುಂದೆ ಮೇಜು, ಮೇಜಿನ ಮೇಲೆ ಕಾರಿನೊಳಗೆ ಕೂರಿಸುವಂಥ ಸ್ಕ್ರೀನು, ಪಕ್ಕದಲ್ಲಿ ಬ್ಯಾಟರಿ. ಅಷ್ಟೇ ಕಾರು. ಬೆಳಿಗ್ಗೆ ವೈರು ಸಿಕ್ಕಿಸಿ, ಫೋನನ್ನು ಕೇಬಲ್ಲಿಗೆ ಹಾಕಿ, ಹೊಸ ಆ್ಯಪ್ ಸ್ಕ್ರೀನಿನ ಮೇಲೆ ಬರುವ ಹಾಗೆ ಮಾಡುವುದು ಅವನ ಕೆಲಸ. "ಅಲ್ಲಾಡ್ದಿರೋ ಗಾಡಿಗೊಬ್ಬ ಡ್ರೈವರ್ರು" ಎಂದು ಹೆಂಡತಿ ಅಂಜಿನಮ್ಮ ನಗುತ್ತಾಳೆ. ನಗಲಿ ಬಿಡಿ, ನಗುವಂಥದ್ದೇ.

ಹುಟ್ಟಿದ್ದು ಲಿಂಗರಾಜಪುರದಲ್ಲಿ. ಶಿವಾಜಿನಗರದ ಮಾರ್ಕೆಟ್ಟಿಗೆ ತರಕಾರಿ ಹೊಡೆಯುವ ಟೆಂಪೋದಲ್ಲಿ ಗಾಡಿ ಕಲಿತ. ಆಮೇಲೆ ಟ್ಯಾಕ್ಸಿ, ಆಮೇಲೆ ಫೋನಿನಲ್ಲಿ ಕರೆಯುವ ಕ್ಯಾಬು. ಕನ್ನಡ, ತಮಿಳು, ದಖ್ಖನಿ ಮೂರರಲ್ಲೂ ಬೈಯಬಲ್ಲ, ಬೈದದ್ದು ಮಾತ್ರ ಕಡಿಮೆ. ಅಂಥವನು ನಾಲ್ಕು ವರ್ಷದ ಹಿಂದೆ ಇದ್ದಕ್ಕಿದ್ದ ಹಾಗೆ ಗಾಡಿ ಬಿಟ್ಟ. ಕೇಳಿದವರಿಗೆಲ್ಲ ಮಂಡಿನೋವು ಎಂದ.

ಅಂಜಿನಮ್ಮನಿಗೊಬ್ಬಳಿಗೇ ನಿಜ ಹೇಳಿದ್ದು. ಕೆ.ಆರ್. ಪುರದ ಹತ್ತಿರ ಸೈಕಲ್ಲಿನ ಮೇಲಿದ್ದ ಮುದುಕನೊಬ್ಬನಿಗೆ ಗಾಡಿ ತಗುಲಿತು, ತಕ್ಷಣ ನಿಲ್ಲಿಸಿದೆ, ಇಳಿದು ನೀರು ಕುಡಿಸಿದೆ, ತಲೆಗೆ ನನ್ನ ಟವೆಲ್ಲೇ ಕಟ್ಟಿದೆ, ಜನ ಸೇರಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಇನ್ನು ಓಡಿಸಲಾರೆ ಎಂದ. ಅವಳು ಕಣ್ಣೊರೆಸಿಕೊಂಡು, "ದೇವ್ರಂಥ ಕೆಲ್ಸ ಮಾಡಿದ್ರಿ" ಎಂದಳು. ಆ ಒಂದು ಮಾತನ್ನು ನಂಬಿಕೊಂಡು ಮುತ್ತುರಾಜ್ ನಾಲ್ಕು ವರ್ಷ ನಿದ್ದೆ ಮಾಡಿದ್ದಾನೆ.

ಮೊನ್ನೆ ಬುಧವಾರ ಒಂದು ಹೊಸ ಆ್ಯಪ್ ಪರೀಕ್ಷೆಗೆ ಬಂತು. ಪರೀಕ್ಷೆ ಮಾಡುವ ಹುಡುಗಿ ಹೇಮಶ್ರೀ ಪಕ್ಕದಲ್ಲಿ ಕೂತು ವಿವರಿಸಿದಳು. "ಸುತ್ತಮುತ್ತ ಇರೋ ಜಾಗಗಳ ಲಿಸ್ಟ್ ತೋರಿಸುತ್ತೆ ಅಣ್ಣ. ಗಾಡಿ ಓಡ್ತಿದ್ರೆ ಎರಡೇ ಲೈನು. ನಿಂತ ಮೇಲೇ ಪೂರ್ತಿ ಲಿಸ್ಟ್ ತೆರ್ಕೋಬೇಕು. ಡ್ರೈವರ್ ಓದ್ಕೊಂಡು ಓಡಿಸ್ಬಾರ್ದಲ್ಲ."

ಕಾರೇ ಇಲ್ಲದಿರುವಾಗ ಓಡುವುದು ಹೇಗೆ? ಅದಕ್ಕೊಂದು ಉಪಾಯವಿತ್ತು. ಯಾವುದೋ ಕ್ಯಾಬ್ ಕಂಪನಿಯ ಹಳೇ ಟ್ರಿಪ್ಪುಗಳ ದಾಖಲೆ ತಂದಿದ್ದರು. ಹಾಕಿದರೆ ಮ್ಯಾಪಿನ ಮೇಲೆ ಚುಕ್ಕಿಯೊಂದು ಅಂದು ಆ ಗಾಡಿ ಓಡಿದಂತೆಯೇ ಓಡುತ್ತದೆ. ಡ್ರೈವರನ ಹೆಸರಿಲ್ಲ, ತಾರೀಖಿಲ್ಲ, ಬರೀ ನಂಬರು.

ಏಳನೆಯದು ಹಲಸೂರಿನಿಂದ ಹೊರಟಿತು. ಅರ್ಧ ಫರ್ಲಾಂಗ್ ಹೋಗುವುದರೊಳಗೆ ಮುತ್ತುರಾಜ್ ಸೀಟಿನಲ್ಲಿ ನೆಟ್ಟಗೆ ಕೂತ. ಚುಕ್ಕಿ ಹೋಗುತ್ತಿದ್ದ ಧಾಟಿ ಅವನಿಗೆ ಗೊತ್ತಿತ್ತು. ತಿರುವು ಬರುವುದಕ್ಕೆ ಎಷ್ಟೋ ಮೊದಲೇ ನಿಧಾನ, ತಿರುಗಿದ ಕೂಡಲೇ ಒಂದೇ ಏಟಿಗೆ ವೇಗ.

"ಈಗ ಕೆರೆ ಪಕ್ಕ ನಿಲ್ಲುತ್ತೆ" ಎಂದ. ನಿಂತಿತು. ಲಿಸ್ಟ್ ತೆರೆಯಿತು. ಹೇಮಶ್ರೀ ಟಿಕ್ ಹಾಕಿಕೊಂಡಳು.

"ಟೀ ಕುಡಿದು ರಿವರ್ಸಲ್ಲೇ ಹೊರಗೆ ಬರ್ತಾನೆ, ಸುತ್ತಾಕಲ್ಲ." ಚುಕ್ಕಿ ಹಿಂದಕ್ಕೆ ಸರಿಯಿತು.

"ಅಯ್ಯೋ ಅಣ್ಣ, ಹೆಂಗೆ ಗೊತ್ತಾಯ್ತು ನಿಮ್ಗೆ?" ಎಂದು ಅವಳು ನಕ್ಕಳು. ಮುತ್ತುರಾಜ್ ನಗಲಿಲ್ಲ. ಎದುರಿಗಿದ್ದ ಸ್ಕ್ರೀನಿನೊಳಗೆ ಯಾರೂ ಇರಲಿಲ್ಲ, ಆದರೂ ಒಳಗಿಂದ ಅವನೇ ಗಾಡಿ ಓಡಿಸುತ್ತಿದ್ದ. ಎದ್ದು ಹೋಗಬೇಕು ಅನ್ನಿಸಿತು, ಆಗಲಿಲ್ಲ.

ಚುಕ್ಕಿ ಕಗ್ಗದಾಸಪುರದ ರೈಲ್ವೆ ಗೇಟಿಗೆ ಹೋಗಿ ಏಳು ನಿಮಿಷ ನಿಂತಿತು. ಬೇಸತ್ತು, ಗೇಟು ತೆರೆಯುವ ಮುಂಚೆಯೇ ತಿರುಗಿಸಿಕೊಂಡು ಹಳೇ ಮದ್ರಾಸು ರಸ್ತೆಯ ಕಡೆಗೆ ಹೊರಟಿತು. ಅವನಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಗೇಟಿನಿಂದ ಹಾಗೆ ತಿರುಗಿದ್ದು ಅವನ ಜೀವಮಾನದಲ್ಲಿ ಒಂದೇ ಸಲ, ಮುದುಕನಿಗೆ ಗಾಡಿ ತಗುಲಿದ ಆ ಬೆಳಿಗ್ಗೆ.

ಭಯದ ಜೊತೆಗೆ ಒಂದು ಸಮಾಧಾನವೂ ಆಯಿತು. ಮುಂದೆ ಬರುವುದು ತಾನು ನಿಲ್ಲಿಸಿದ ಜಾಗ. ಅದಕ್ಕೆ ಪುರಾವೆಯೇ ಇರಲಿಲ್ಲ, ಈಗ ಸಿಗುತ್ತದೆ.

"ಮೇಡಂ, ಬರ್ಕೊಳ್ಳಿ. ಕೆ.ಆರ್. ಪುರದ ಹತ್ರ ನಿಲ್ಲುತ್ತೆ. ತುಂಬಾ ಹೊತ್ತು ನಿಲ್ಲುತ್ತೆ" ಎಂದ. ಅವಳು ಬರೆದುಕೊಂಡಳು.

ವೇಗ ಐವತ್ತೆರಡು ತೋರಿಸುತ್ತಿತ್ತು. ಆ ಜಾಗ ಬಂತು. ಒಂದು ಕ್ಷಣ ಮೂವತ್ತೊಂದಕ್ಕೆ ಇಳಿಯಿತು. ನಲವತ್ತು. ಐವತ್ತೆಂಟು. ಎಪ್ಪತ್ತೊಂದು. ಲಿಸ್ಟ್ ತೆರೆಯಲಿಲ್ಲ.

"ಇನ್ನೊಂದ್ಸಲ ಹಾಕಿ" ಎಂದ.

ಎರಡನೇ ಸಲ ಅವನ ಬಲಗಾಲು ಬರೀ ನೆಲವನ್ನು ಎಷ್ಟು ಜೋರಾಗಿ ತುಳಿಯಿತೆಂದರೆ ಸೀಟೇ ಹಿಂದಕ್ಕೆ ಸರಿಯಿತು. ಮೂವತ್ತೊಂದು, ಎಪ್ಪತ್ತೊಂದು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಆ ಮುದುಕನ ಮುಖ ನೆನಪಿಸಿಕೊಳ್ಳಲು ನೋಡಿದ. ಮುಖ ಬರಲಿಲ್ಲ. ನೀರು ಕುಡಿಸಿದ ಬಾಟಲಿ ಯಾವುದು, ಸುತ್ತ ನಿಂತ ಜನ ಯಾರು, ಒಂದೂ ಬರಲಿಲ್ಲ. ಬಂದದ್ದು ಸೈಡ್ ಮಿರರ್ ಒಂದೇ. ಅದರಲ್ಲಿ ರಸ್ತೆಗೆ ಬಿದ್ದ ಸೈಕಲ್ಲಿನ ಚಕ್ರ ಇನ್ನೂ ತಿರುಗುತ್ತಿತ್ತು, ತಿರುಗುತ್ತಲೇ ಸಣ್ಣದಾಗುತ್ತಿತ್ತು.

"ಇದು ಆ್ಯಪ್ ತಪ್ಪೇ ಅನ್ಸುತ್ತೆ ಅಣ್ಣ" ಎಂದಳು ಹೇಮಶ್ರೀ. "ನೀವು ಹೇಳಿದ ಕಡೆಯೆಲ್ಲಾ ಕರೆಕ್ಟಾಗಿ ನಿಂತು ಲಿಸ್ಟ್ ತೆರ್ಕೊಳ್ತು. ಇದೊಂದೇ ಕಡೆ ನಿಂತ ಗಾಡೀನ ಓಡ್ತಿದೆ ಅಂತ ತೋರಿಸ್ತಿದೆ. ಫೇಲ್ ಅಂತ ಬರೀಲಾ?"

ಹೂಂ ಅಂದರೆ ಸಾಕಿತ್ತು. ತಪ್ಪು ಆ್ಯಪಿನದಾಗುತ್ತಿತ್ತು, ಸಂಜೆ ಮನೆಗೆ ಹೋಗಿ ಅಂಜಿನಮ್ಮನ ಮುಖ ನೋಡಬಹುದಿತ್ತು. ಮುತ್ತುರಾಜ್ ಬಾಯಿ ತೆರೆದ. ಅವಳ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು.

"ಬೇಡಮ್ಮ" ಎಂದ. "ಆ್ಯಪ್ ಸರಿಯಾಗೇ ಇದೆ. ಗಾಡಿ ನಂದು. ಅವತ್ತು ನಾನು ನಿಲ್ಲಿಸ್ಲಿಲ್ಲ."